ಹೊಟ್ಟೆಗೊಂದು ಕಿಂಡಿ

ಬಾಯಿಂದ ಉಣ್ಣಲಾಗದ ರೋಗಿಯ ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ, ಜಠರಕ್ಕೆ ನೇರವಾಗಿ ನಳಿಕೆ ಇಟ್ಟು ಆಹಾರ ಕೊಡುವುದು ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಸುಮಾರು ಅರ್ಧ ಗಂಟೆಯ ಕೆಲಸ. ಇದನ್ನು ಕಲಿಯಲು ವೈದ್ಯಲೋಕಕ್ಕೆ ನೂರೈವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಮೊದಲ ಪಾಠ ಸಿಕ್ಕಿದ್ದು ಒಂದು ಬಂದೂಕಿನ ಅಪಘಾತದಿಂದ.

ಅಮೆರಿಕದ ಮಿಷಿಗನ್ ಪ್ರಾಂತ್ಯದ ಮ್ಯಾಕಿನಾ ದ್ವೀಪದಲ್ಲಿ 1822ರ ಜೂನ್ 6ರಂದು ತುಪ್ಪಳ ವ್ಯಾಪಾರದ ಮಳಿಗೆಯೊಂದರಲ್ಲಿ ಬಂದೂಕು ಆಕಸ್ಮಿಕವಾಗಿ ಹಾರಿತು. ಗುಂಡು ತಗಲಿದ್ದು ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಕೂಲಿಯಾಳಿಗೆ. ಆತ ಬದುಕುವ ಭರವಸೆ ಸೇನಾ ವೈದ್ಯ ವಿಲಿಯಂ ಬೋಮಾಂಟ್‌ಗೆ ಇರಲಿಲ್ಲ. ಆದರೆ ಆತ ಬದುಕಿದ. ವಿಚಿತ್ರವೆಂದರೆ ಜಠರದ ತೂತಿನ ಅಂಚು ಹೊರಗಿನ ಗಾಯದ ಅಂಚಿಗೆ ಅಂಟಿಕೊಂಡೇ ಮಾಯಿತು. ಹೊಟ್ಟೆಯೊಳಗೆ ಇಣುಕಿ ನೋಡಬಹುದಾದ ಕಿಂಡಿಯೊಂದು ಶಾಶ್ವತವಾಗಿ ಉಳಿಯಿತು.

ಬೋಮಾಂಟ್ ಮಾಂಸದ ತುಂಡು, ಬ್ರೆಡ್ಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ಕಿಂಡಿಯಲ್ಲಿ ಇಳಿಬಿಟ್ಟು, ಎಷ್ಟು ಹೊತ್ತಿಗೆ ಕರಗುತ್ತವೆಂದು ನೋಡಿದ. 1833ರಲ್ಲಿ ಬಂದ ಅವನ ಪುಸ್ತಕ ಜೀರ್ಣಕ್ರಿಯೆಯ ಶಾಸ್ತ್ರಕ್ಕೇ ಬುನಾದಿಯಾಯಿತು. ಅಕ್ಷರ ಬಾರದ ಸೇಂಟ್ ಮಾರ್ಟಿನ್ ವರ್ಷಕ್ಕೆ 150 ಡಾಲರ್ ಸಂಬಳದ ಕರಾರಿಗೆ ಗುರುತು ಹಾಕಿ ತನ್ನ ಹೊಟ್ಟೆಯನ್ನು ಪ್ರಯೋಗಕ್ಕೆ ಒಪ್ಪಿಸಿದ್ದ. ಕೀರ್ತಿ ವೈದ್ಯನಿಗೆ ಬಂತು, ಹೊಟ್ಟೆ ಮಾತ್ರ ಕೂಲಿಯಾಳಿನದು. 1880ರಲ್ಲಿ ಆತ ಸತ್ತಾಗ, ವೈದ್ಯರು ಶವ ಕೇಳಿಯಾರೆಂಬ ಭಯದಿಂದ ಮನೆಯವರು ಅದು ಕೊಳೆಯುವವರೆಗೆ ಇಟ್ಟುಕೊಂಡು, ಆಮೇಲೆ ಆಳವಾದ ಗುಂಡಿ ತೋಡಿ ಹೂತರು.

ಇಂಥ ಕಿಂಡಿಯನ್ನು ಬೇಕೆಂದೇ ಮಾಡಲಾಗದೇ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು. ಅನ್ನನಾಳದ ಕ್ಯಾನ್ಸರ್ ಆದವರು, ಕ್ಷಾರ ಕುಡಿದು ಗಂಟಲು ಸುಟ್ಟುಕೊಂಡವರು ಆ ಕಾಲದಲ್ಲಿ ಹಸಿವಿನಿಂದಲೇ ಸಾಯುತ್ತಿದ್ದರು. 1837ರಲ್ಲಿ ನಾರ್ವೆಯ ಸೇನಾ ವೈದ್ಯ ಕ್ರಿಶ್ಚಿಯನ್ ಎಗೆಬರ್ಗ್ ಈ ಸಲಹೆ ಮುಂದಿಟ್ಟ. 1849ರಲ್ಲಿ ಸ್ಟ್ರಾಸ್‌ಬರ್ಗ್‌ನ ಶಾರ್ಲ್ ಸೆಡಿಯೊ ಅದನ್ನು ಮಾಡಿಯೇ ನೋಡಿದ. ರೋಗಿ ಉಳಿಯಲಿಲ್ಲ. 1853ರ ಎರಡನೆಯ ರೋಗಿಯೂ ಉಳಿಯಲಿಲ್ಲ. ಅರಿವಳಿಕೆ ಆಗಲೇ ಬಂದಿತ್ತು. ನಂಜು ತಡೆಯುವ ವಿದ್ಯೆ ಇನ್ನೂ ಬಂದಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಸೋರಿಕೆಯದು. ಜಠರ ಹೊಟ್ಟೆಯ ಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳದಿದ್ದರೆ ಜಠರರಸ, ಆಹಾರ ಎರಡೂ ಉದರದೊಳಗೆ ಹರಿದು ನಂಜೇರುತ್ತದೆ. ಸೇಂಟ್ ಮಾರ್ಟಿನ್‌ನ ದೇಹ ತಾನಾಗಿ ಮಾಡಿಕೊಂಡಿದ್ದ ಬೆಸುಗೆ ಶಸ್ತ್ರವೈದ್ಯರ ಕೈಗೆ ದಕ್ಕಲಿಲ್ಲ.

1875ರಲ್ಲಿ ಲಂಡನ್ನಿನ ಸಿಡ್ನಿ ಜೋನ್ಸ್‌ನ ರೋಗಿ 40 ದಿನ ಬದುಕಿದ್ದೇ ದೊಡ್ಡ ಸುದ್ದಿಯಾಯಿತು. ಮರುವರ್ಷ ಪ್ಯಾರಿಸ್ಸಿನ ವೆರ್ನೊಯ್, ಕ್ಷಾರ ನುಂಗಿದ್ದ ಹುಡುಗನೊಬ್ಬನ ಜಠರವನ್ನು ಬೆಳ್ಳಿ ತಂತಿಯಿಂದ ಹೊಟ್ಟೆಯ ಗೋಡೆಗೆ ಹೊಲಿದು ಅವನನ್ನು ಉಳಿಸಿದ. 1894ರಲ್ಲಿ ಸ್ಟಾಮ್ ಸೂಚಿಸಿದ ವಿಧಾನ ಇನ್ನೂ ಸರಳ: ನಳಿಕೆಯ ಸುತ್ತ ಹೊಲಿಗೆ ಹಾಕಿ, ಎಲೆಯಡಿಕೆ ಸಂಚಿಯ ಬಾಯಿಗೆ ದಾರ ಎಳೆದಂತೆ ಬಿಗಿಯುವುದು. ಹೊಟ್ಟೆ ತೆರೆದೇ ನಳಿಕೆ ಇಡಬೇಕಾದಾಗ ಇದು ಇಂದಿಗೂ ಬಳಕೆಯಲ್ಲಿದೆ.

ಇಂಥ ಕಿಂಡಿಯೊಂದಿಗೆ ಬಾಳಿದವರ ಪೈಕಿ ಹೆಸರಾದವನು ವೈದ್ಯಗ್ರಂಥಗಳ 'ಟಾಮ್'. 1895ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ಕುದಿಯುವ ಸೂಪು ಕುಡಿದು ಅನ್ನನಾಳ ಮುಚ್ಚಿಹೋದವನು. ಮುಂದೆ ನ್ಯೂಯಾರ್ಕಿನಲ್ಲಿ ವುಲ್ಫ್ ಮತ್ತು ವೋಲ್ಫ್ ಎಂಬ ವೈದ್ಯರಿಬ್ಬರು ಅವನ ಜಠರವನ್ನು ಅಭ್ಯಾಸ ಮಾಡಿ, ಸಿಟ್ಟು ಬಂದಾಗ ಅದರ ಒಳಪದರ ಕೆಂಪೇರುವುದನ್ನು ಕಂಡರು. ಅದಕ್ಕಿಂತ ಮನಸ್ಸಿಗೆ ನಾಟುವುದು ಅವನ ಊಟದ ಕ್ರಮ. ತುತ್ತನ್ನು ಬಾಯಲ್ಲಿ ಅಗಿದು, ರುಚಿ ನೋಡಿ, ಆಮೇಲೆ ನಳಿಕೆಯ ಆಲಿಕೆಗೆ ಉಗುಳುತ್ತಿದ್ದ. ನೇರವಾಗಿ ಹೊಟ್ಟೆಗೆ ಸುರಿದ ಊಟ ಅವನಿಗೆ ಊಟವೆನಿಸುತ್ತಿರಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ಒಬ್ಬನೇ ಕೂತು ಉಣ್ಣುತ್ತಿದ್ದ.

ಹೊಟ್ಟೆ ಕೊಯ್ಯದೆಯೇ ನಳಿಕೆ ಇಡುವ ದಾರಿ ತೆರೆದದ್ದು 1979ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ಮಕ್ಕಳ ಶಸ್ತ್ರವೈದ್ಯ ಮೈಕೆಲ್ ಗಾಡರರ್ ಮತ್ತು ಎಂಡೋಸ್ಕೋಪಿ ತಜ್ಞ ಜೆಫ್ರಿ ಪಾನ್‌ಸ್ಕಿ ಅದನ್ನು ಮೊದಲು ಮಾಡಿದ್ದು ನಾಲ್ಕೂವರೆ ತಿಂಗಳ ಕೂಸಿಗೆ. ಬಾಯಿಯ ಮೂಲಕ ಜಠರಕ್ಕಿಳಿಸಿದ ಎಂಡೋಸ್ಕೋಪಿನ ಬೆಳಕು ಹೊಟ್ಟೆಯ ಚರ್ಮದ ಮೇಲೆ ಕೆಂಪಗೆ ಕಾಣುತ್ತದೆ. ಅಲ್ಲಿ ಸೂಜಿ ಚುಚ್ಚಿ ದಾರ ಒಳಗೆ ಬಿಟ್ಟು, ಅದನ್ನು ಬಾಯಿಂದ ಹೊರಗೆಳೆದು ನಳಿಕೆಗೆ ಕಟ್ಟುತ್ತಾರೆ. ಹೊಟ್ಟೆಯ ಕಡೆಯ ತುದಿಯಿಂದ ದಾರ ಎಳೆದರೆ ನಳಿಕೆ ಗಂಟಲಿನಿಂದಿಳಿದು ತೂತಿನಲ್ಲಿ ಹೊರಬರುತ್ತದೆ. ಅಣಬೆಯಂಥ ಅದರ ತಲೆ ಒಳಗೇ ನಿಲ್ಲುತ್ತದೆ, ಹೊರಗೊಂದು ಬಿಲ್ಲೆ ಕೂರುತ್ತದೆ. ಎರಡರ ನಡುವೆ ಒತ್ತಿಕೊಂಡ ಜಠರ ಮತ್ತು ಹೊಟ್ಟೆಯ ಗೋಡೆ ಕ್ರಮೇಣ ಬೆಸೆದುಕೊಳ್ಳುತ್ತವೆ. ಇದನ್ನೇ ವೈದ್ಯರು 'ಪೆಗ್' ಎನ್ನುವುದು. ನಮ್ಮ ವಾರ್ಡುಗಳಲ್ಲಿ ಕಾಣುವ, ಮೂಗಿನಿಂದ ಇಳಿಸುವ ರೈಲ್ಸ್ ಟ್ಯೂಬು ಕೆಲವು ವಾರಗಳ ಮಟ್ಟಿಗೆ ಸರಿ. ಹೆಚ್ಚು ಕಾಲ ಬೇಕಾದರೆ ಪೆಗ್ ಮೇಲು.

ಆರೈಕೆಯ ಸೂಕ್ಷ್ಮವಿರುವುದೂ ಈ ಬೆಸುಗೆಯಲ್ಲೇ. ಮೊದಲ ಕೆಲವು ವಾರ ಅದು ಹಸಿ. ಆಗ ನಳಿಕೆ ಕಳಚಿದರೆ ಮನೆಯಲ್ಲಿ ಮತ್ತೆ ತೂರಿಸಬಾರದು, ಅದು ಜಠರ ತಪ್ಪಿ ಉದರಕ್ಕೆ ನುಗ್ಗೀತು. ಬಲಿತ ಮೇಲೆ ಕಳಚಿದರೆ ಕಿಂಡಿ ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ. ಎರಡೂ ಸಂದರ್ಭಗಳಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸುತ್ತಲಿನ ಚರ್ಮವನ್ನು ದಿನವೂ ಸೋಪು ನೀರಿನಿಂದ ತೊಳೆದು ಒಣಗಿಸಬೇಕು. ಬಿಲ್ಲೆ ತೀರ ಬಿಗಿಯಾದರೆ ಒಳತಲೆ ಜಠರದ ಗೋಡೆಯಲ್ಲೇ ಹೂತುಹೋಗುತ್ತದೆ. ಆಹಾರ, ಔಷಧಗಳ ಹಿಂದೆ ಮುಂದೆ ನೀರು ಬಿಡದಿದ್ದರೆ ನಳಿಕೆ ಕಟ್ಟುತ್ತದೆ. ಮನೆಯ ಗಂಜಿಯಾದರೆ ಚೆನ್ನಾಗಿ ಸೋಸಿರಬೇಕು. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡುವಂತಿಲ್ಲ, ವೈದ್ಯರನ್ನು ಕೇಳಿಯೇ ಕೊಡಬೇಕು. ಉಣಿಸುವಾಗಲೂ ಆಮೇಲೆ ಅರ್ಧ ಗಂಟೆಯಾದರೂ ರೋಗಿಯ ತಲೆ, ಎದೆ ಮೇಲಾಗಿರಬೇಕು, ಇಲ್ಲದಿದ್ದರೆ ಆಹಾರ ಶ್ವಾಸಕೋಶಕ್ಕೆ ಸೇರುವ ಅಪಾಯವುಂಟು.

ಕೆಲಸ ಸುಲಭವಾದದ್ದೇ ಹೊಸ ಪ್ರಶ್ನೆಯನ್ನೂ ತಂದಿತು. ಮಕ್ಕಳಿಗೆಂದು ಹುಟ್ಟಿದ ವಿಧಾನ ಎರಡೇ ದಶಕಗಳಲ್ಲಿ ಅಮೆರಿಕದ ವೃದ್ಧರಲ್ಲಿ ಹೇರಳವಾಗಿ ಬಳಕೆಗೆ ಬಂತು. ಪಾರ್ಶ್ವವಾಯುವಿನ ಕೆಲವು ರೋಗಿಗಳಿಗೆ, ಗಂಟಲ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರಿಗೆ ಇದರಿಂದ ಉಪಕಾರವಿದೆ. ನುಂಗುವ ಶಕ್ತಿ ಮರಳಿದರೆ ನಳಿಕೆ ತೆಗೆಯಲೂಬಹುದು. ಮರೆವಿನ ರೋಗ ತೀರ ಮುಂದುವರಿದ ಮುದುಕರ ವಿಷಯ ಬೇರೆ. ಅಂಥವರಲ್ಲಿ ನಳಿಕೆ ಆಯುಸ್ಸು ಹೆಚ್ಚಿಸುತ್ತದೆಂಬುದಕ್ಕಾಗಲೀ ನ್ಯುಮೋನಿಯಾ ತಡೆಯುತ್ತದೆಂಬುದಕ್ಕಾಗಲೀ ಆಧಾರ ಸಿಗಲಿಲ್ಲವೆಂದು 1999ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಹೇಳಿತು. ಅಮೆರಿಕದ ವೃದ್ಧರೋಗ ತಜ್ಞರ ಸಂಘವೂ ಅಂಥವರಿಗೆ ನಳಿಕೆಯ ಬದಲು, ಪಕ್ಕದಲ್ಲಿ ಕೂತು ನಿಧಾನವಾಗಿ ಕೈಯಾರೆ ಉಣಿಸುವುದನ್ನೇ ಸೂಚಿಸುತ್ತದೆ, ಹೊಟ್ಟೆಗೆ ಹೋಗುವುದು ನಾಲ್ಕೇ ತುತ್ತಾದರೂ.