ನ್ಯೂಯಾರ್ಕಿನಲ್ಲಿ ಸಂಗೀತ ಕೇಳಲು ಹೊರಟವರಿಗೆ

ಸಮರ್‌ಸೆಟ್, ನ್ಯೂಜೆರ್ಸಿ



ಊರಿನಿಂದ ಅಪ್ಪ-ಅಮ್ಮ ಬಂದಾಗ ನಾವೆಲ್ಲ ತೋರಿಸುವುದು ಒಂದೇ: ಸ್ವಾತಂತ್ರ್ಯ ದೇವಿಯ ಪ್ರತಿಮೆ, ಟೈಮ್ಸ್ ಸ್ಕ್ವೇರ್, ನಯಾಗರ. ಮೂರು ವಾರಾಂತ್ಯಗಳಲ್ಲಿ ಅದು ಮುಗಿಯುತ್ತದೆ. ಉಳಿದ ತಿಂಗಳುಗಳು ಕಿಟಕಿಯ ಪಕ್ಕದಲ್ಲೇ! ಮೈಸೂರಿನ ಎಂಟನೇ ಕ್ರಾಸ್ ಗಣೇಶೋತ್ಸವದ ಕಛೇರಿಗಳನ್ನು ತಪ್ಪದೆ ಕೇಳುತ್ತಿದ್ದ ನಮ್ಮ ತಂದೆಯವರು, "ಈ ಊರಲ್ಲಿ ಎದುರಿಗೆ ಕೂತು ಹಾಡೋರು ಯಾರೂ ಇಲ್ವೇನಪ್ಪಾ?" ಎಂದು ಕೇಳಿದಾಗಲೇ ನಮಗೆ ಎಚ್ಚರವಾದದ್ದು. ಆಮೇಲೆ ಹುಡುಕಿ, ಓಡಾಡಿ, ಎಡವಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಹೋಗುವುದು ಹೇಗೆ?

ನ್ಯೂ ಬ್ರನ್ಸ್‌ವಿಕ್‌ನಲ್ಲಿ ಎನ್‌ಜೆ ಟ್ರಾನ್ಸಿಟ್ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಪೆನ್ ಸ್ಟೇಷನ್. 62 ವರ್ಷ ದಾಟಿದವರಿಗೆ ರಿಯಾಯಿತಿ ಉಂಟು. ವಯಸ್ಸಿನ ದಾಖಲೆ ಜೊತೆಗಿರಲಿ. ವಾಪಸಿನ ರೈಲಿನ ಸಮಯವನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ಮೊದಲ ಸಲ ನಾವು ಕಾರಿನಲ್ಲಿ ಹೋಗಿ, ಪಾರ್ಕಿಂಗ್ ಹುಡುಕಿ, ಹತ್ತು ನಿಮಿಷ ತಡವಾಗಿ ತಲುಪಿದೆವು. ಬಾಗಿಲು ಮುಚ್ಚಿತ್ತು! ಮೊದಲ ಕೃತಿ ಮುಗಿಯುವವರೆಗೆ ತಂದೆಯವರು ಮೊಗಸಾಲೆಯಲ್ಲಿ ನಿಂತೇ ಇದ್ದರು. ನಮ್ಮ ಕಛೇರಿಗಳಂತೆ ವರ್ಣ ಮುಗಿಯುವ ಹೊತ್ತಿಗೆ ಬಂದರಾಯಿತು ಎಂಬ ಲೆಕ್ಕ ಇಲ್ಲಿ ನಡೆಯದು.

ಎಲ್ಲಿ, ಏನು?

ಕಾರ್ನೆಗಿ ಹಾಲ್: 57ನೇ ಬೀದಿ, ಏಳನೇ ಅವೆನ್ಯೂ. 1891ರಲ್ಲಿ ಆರಂಭವಾದಾಗ ಚೈಕೋವ್‌ಸ್ಕಿ ಸ್ವತಃ ಬಂದು ವಾದ್ಯವೃಂದ ನಡೆಸಿದ್ದರು. 1977ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ್ದೂ ಇಲ್ಲೇ. ಮಂಡಿನೋವು ಇರುವವರಿಗೆ ಟಿಕೆಟ್ ಕೊಳ್ಳುವಾಗಲೇ ಮೆಟ್ಟಿಲುಗಳ ಬಗ್ಗೆ ವಿಚಾರಿಸಿ.

ಲಿಂಕನ್ ಸೆಂಟರ್: ನ್ಯೂಯಾರ್ಕ್ ಫಿಲ್ಹಾರ್ಮೋನಿಕ್, ಮೆಟ್ರೋಪಾಲಿಟನ್ ಆಪೆರಾ ಎರಡೂ ಇಲ್ಲಿವೆ. ಇಲ್ಲೇ ಇರುವ ಜೂಲಿಯಾರ್ಡ್ ಸಂಗೀತ ಶಾಲೆಯ ವಿದ್ಯಾರ್ಥಿಗಳ ಅನೇಕ ಕಛೇರಿಗಳು ಉಚಿತ.

ವಿಲೇಜ್ ವ್ಯಾನ್‌ಗಾರ್ಡ್: 1935ರಿಂದ ನಡೆದು ಬಂದಿರುವ, ನೆಲಮಾಳಿಗೆಯ ಪುಟ್ಟ ಜಾಝ್ ತಾಣ. ಇಂತಹ ಕಡೆ ಟಿಕೆಟ್ ಜೊತೆಗೆ ಒಂದು ಪಾನೀಯ ಕೊಳ್ಳಬೇಕಾಗುತ್ತದೆ; ಜ್ಯೂಸ್ ಆದರೂ ಆಗುತ್ತದೆ, ಮುಜುಗರ ಬೇಡ.

ಸೆಂಟ್ರಲ್ ಪಾರ್ಕ್: ಬೇಸಿಗೆಯ 'ಸಮ್ಮರ್‌ಸ್ಟೇಜ್' 1986ರಲ್ಲಿ ಶುರುವಾಯಿತು. ಬಹುಪಾಲು ಕಾರ್ಯಕ್ರಮಗಳಿಗೆ ದುಡ್ಡಿಲ್ಲ.

ಅಷ್ಟು ದೂರ ಆಗದವರಿಗೆ ನಮ್ಮ ನ್ಯೂ ಬ್ರನ್ಸ್‌ವಿಕ್‌ನಲ್ಲೇ 1921ರಿಂದ ಸ್ಟೇಟ್ ಥಿಯೇಟರ್ ಇದೆ.

ಚಪ್ಪಾಳೆ ಯಾವಾಗ?

ಪಾಶ್ಚಾತ್ಯ ಶಾಸ್ತ್ರೀಯ ಕಛೇರಿಯಲ್ಲಿ ಕೃತಿಯ ಭಾಗಗಳ ನಡುವೆ ತಟ್ಟುವುದಿಲ್ಲ, ಪೂರ್ತಿ ಮುಗಿದ ಮೇಲಷ್ಟೆ. "ಭಲೇ" ಎನ್ನುವುದಂತೂ ಇಲ್ಲವೇ ಇಲ್ಲ. ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. 1971ರ ಆಗಸ್ಟ್ 1ರಂದು, ನಮ್ಮ ರೈಲು ನಿಲ್ಲುವ ಜಾಗದ ಮೇಲೆಯೇ ಇರುವ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಬಾಂಗ್ಲಾದೇಶದ ನೆರವಿಗಾಗಿ ರವಿಶಂಕರ್ ಸಿತಾರ್ ನುಡಿಸಿದರು. ಶ್ರುತಿ ಮಾಡಿಕೊಂಡದ್ದಕ್ಕೇ ಸಭಿಕರು ಚಪ್ಪಾಳೆ ತಟ್ಟಿಬಿಟ್ಟಿದ್ದರು! ಅವರು ನಮ್ಮದನ್ನು ಕಲಿತರು, ನಾವು ಅವರದನ್ನು ಕಲಿಯೋಣ.

ಜಾಝ್‌ನಲ್ಲಿ ಒಬ್ಬೊಬ್ಬರ ಸರದಿ ಮುಗಿದಾಗಲೂ ಚಪ್ಪಾಳೆ ಬೀಳುತ್ತದೆ. ನಮಗೆ ಇದು ಬೇಗ ಒಗ್ಗುತ್ತದೆ. ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಜಾಝ್ ಕಲಾವಿದ ರುದ್ರೇಶ್ ಮಹಾಂತಪ್ಪನವರೊಡನೆ ಸ್ಯಾಕ್ಸೋಫೋನ್ ನುಡಿಸಿದ 'ಕಿನ್ಸ್‌ಮೆನ್' ಧ್ವನಿಮುದ್ರಿಕೆ 2008ರಲ್ಲಿ ಹೊರಬಂತು. ಹೋಗುವ ಮುನ್ನ ಮನೆಯಲ್ಲಿ ಅದನ್ನೊಮ್ಮೆ ಕೇಳಿಸಿ, ಹಿರಿಯರಿಗೆ ದಾರಿ ಸಿಗುತ್ತದೆ.

ನಮ್ಮ ತಂದೆಯವರು ಡ್ರಮ್ಸ್ ಸರದಿ ಬಂದೊಡನೆ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು. "ಇದು ತನಿ ಆವರ್ತನ ಕಣೋ!" ಎಂದರು. ಪಕ್ಕದ ಮೇಜಿನ ಅಮೆರಿಕನ್ ಅಜ್ಜನೂ ಕಾಲಿನಲ್ಲಿ ತಾಳ ಹಾಕುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆರು ತಿಂಗಳಲ್ಲಿ ತಂದೆಯವರಿಗೆ ಸಿಕ್ಕ ಮೊದಲ ಗೆಳೆಯ ಆತ.

ನಿಮ್ಮ ಹಿರಿಯರ ವಾಪಸು ಟಿಕೆಟ್‌ನ ದಿನ ಬರುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಶುಭವಾಗಲಿ!