ಮಳೆಯೂರಿನ ಕೆರೆ

ಮಲೇಷ್ಯಾಕ್ಕೆ ಹೋಗಿಯೂ ಕ್ವಾಲಾಲಂಪುರದ ಜೋಡಿ ಗೋಪುರ ನೋಡದೆ ಬಂದಿರಾ ಎಂದು ಕೇಳಿದವರಿಗೆ ನಾನು ತೈಪಿಂಗ್ ಎನ್ನುತ್ತೇನೆ. ಯಾರೂ ಆ ಹೆಸರು ಕೇಳಿರುವುದಿಲ್ಲ. ಪಿನಾಂಗ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನೂ ಅತ್ತಿಗೆಯೂ ಬಟರ್‌ವರ್ತ್‌ನಲ್ಲಿ ರೈಲು ಹತ್ತಿ, ಗಂಟೆಯ ಆಚೀಚೆಯಲ್ಲಿ ಅಲ್ಲಿ ಇಳಿದೆವು. ಎರಡು ದಿನ ಉಳಿದೆವು. ಅವಸರವೆಂಬುದೇ ಇರಲಿಲ್ಲ.

ಊರು ನಮ್ಮ ಮಲೆನಾಡಿನ ತಾಲ್ಲೂಕು ಪಟ್ಟಣವೊಂದನ್ನು ನೆನಪಿಸುವಂತಿದೆ. ಬೆನ್ನಿಗೆ ಹಸಿರು ಬೆಟ್ಟ, ಮಧ್ಯಾಹ್ನವಾದರೆ ಮಳೆ. ಮಳೆ ಎಷ್ಟು ಹೊತ್ತಿಗೆ ಬರುತ್ತದೆಂದು ಹಿಂದೆ ಇಲ್ಲಿನವರು ಬಾಜಿ ಕಟ್ಟುತ್ತಿದ್ದರಂತೆ. ನಾವು ಕುಳಿತಿದ್ದ ಕಾಫಿ ಅಂಗಡಿಯ ಮುದುಕಪ್ಪ, ಗಟ್ಟಿ ಹಾಲು ಬೆರೆಸಿದ ‘ಕೊಪಿ’ ತಂದಿಡುತ್ತಾ ಮೂರು ಬೆರಳು ತೋರಿಸಿದ. ಮೂರು ಗಂಟೆಗೆ ಎಂದರ್ಥ.

ಊರಿನ ಶೋಭೆಯೆಲ್ಲ ಕೆರೆಯ ಉದ್ಯಾನದಲ್ಲಿದೆ. ದಂಡೆಯ ಉದ್ದಕ್ಕೂ ಮಳೆಮರಗಳು. ನಮ್ಮಲ್ಲೂ ಹಳೆಯ ರಸ್ತೆಗಳ ಬದಿಯಲ್ಲಿ ಇರುವವೇ. ದಕ್ಷಿಣ ಅಮೆರಿಕದಿಂದ ಬಂದ ಮರ. ಆದರೆ ಇಲ್ಲಿ ಅವುಗಳ ಕೊಂಬೆಗಳು ರಸ್ತೆಯನ್ನು ದಾಟಿ ಬಾಗಿ, ತಲೆ ತೊಳೆಯಲು ಕುಳಿತ ಹೆಂಗಸರ ಕೂದಲಿನಂತೆ ನೀರಿಗಿಳಿದಿವೆ. ಅತ್ತಿಗೆ ಚಪ್ಪಲಿ ಕಳಚಿಟ್ಟು ಕುಳಿತೇಬಿಟ್ಟರು.

ಈ ಕೆರೆಗಳು ಯಾರೋ ಪುಣ್ಯಕ್ಕೆಂದು ಕಟ್ಟಿಸಿದವಲ್ಲ. ಇವು ತವರದ ಗಣಿಯ ಹೊಂಡಗಳು. 1840ರ ದಶಕದಲ್ಲಿ ಲಾಂಗ್ ಜಾಫರ್ ಎಂಬ ಮಲಯ್ ಮುಖಂಡನ ಕಾಲದಲ್ಲಿ ಇಲ್ಲಿ ತವರ ಸಿಕ್ಕಿತು. ಕಾಡಿನಲ್ಲಿ ತಪ್ಪಿಸಿಕೊಂಡ ಅವನ ಆನೆ ‘ಲಾರುತ್’ ಮರಳಿ ಬಂದಾಗ ಕಾಲಿಗೆ ಮೆತ್ತಿದ ಕೆಸರಿನಲ್ಲಿ ಅದಿರು ಇತ್ತೆಂದು ಕತೆ. ಸೀಮೆಗೂ ಲಾರುತ್ ಎಂಬುದೇ ಹೆಸರು. ಆಮೇಲೆ ಚೀನಾದಿಂದ ಸಾವಿರಾರು ಗಂಡಸರು ಕೂಲಿಗೆ ಬಂದರು. ಕೂಲಿಯವರ ಹಿಂದೆ ಹೈ ಸಾನ್, ಘೀ ಹಿನ್ ಎಂಬ ಎರಡು ಗುಪ್ತ ಸಂಘಗಳು ಬಂದವು.

1861ರಿಂದ ಹದಿಮೂರು ವರ್ಷದಲ್ಲಿ ಈ ಎರಡು ಸಂಘಗಳು ನಾಲ್ಕು ಸಲ ಹೊಡೆದಾಡಿದವು. ಮೊದಲ ಜಗಳ ನೀರಿನದು. ಅದಿರು ತೊಳೆಯಲು ಹರಿಯುವ ನೀರು ಬೇಕು. ಕಾಲುವೆ ಯಾರ ಕೈಯಲ್ಲಿದೆಯೋ ಗಣಿ ಅವರದು. ಗದ್ದೆಗೆ ನೀರು ತಿರುಗಿಸುವ ಸರದಿಗಾಗಿ ಅಣ್ಣತಮ್ಮಂದಿರೇ ಗುದ್ದಲಿ ಎತ್ತಿದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯ ಯುದ್ಧದ ಕಾರಣ ಮಾತ್ರ ಬೇರೆಯಂತೆ. ಮಗಳು ತಂದುಕೊಟ್ಟಿದ್ದ ಪುಸ್ತಕದಲ್ಲಿ ಎರಡೇ ಸಾಲಿನಲ್ಲಿತ್ತು. ಘೀ ಹಿನ್ ಮುಖಂಡ ಲೀ ಆ ಕುನ್‌ಗೂ ಹೈ ಸಾನ್ ನಾಯಕ ಚುಂಗ್ ಕೆಂಗ್ ಕ್ವೀಯ ಬಂಧುವೊಬ್ಬನ ಹೆಂಡತಿಗೂ ಸಂಬಂಧವಿತ್ತಂತೆ. 1872ರ ಆರಂಭದಲ್ಲಿ ಇಬ್ಬರನ್ನೂ ಹಿಡಿದು, ಹಿಂಸಿಸಿ, ಹಂದಿ ಸಾಗಿಸುವ ಬುಟ್ಟಿಯಲ್ಲಿ ಕಟ್ಟಿ, ಪಾಳುಬಿದ್ದ ಗಣಿಯ ಹೊಂಡದಲ್ಲಿ ಮುಳುಗಿಸಿದರು. ಅವನ ಹೆಸರು ಉಳಿದಿದೆ. ನಾನು ಓದಿದ ಕಡೆಯಲ್ಲೆಲ್ಲ ಅವಳು ಇನ್ನೊಬ್ಬರ ಹೆಂಡತಿ, ಇಷ್ಟೇ.

ಅವಳಿಂದ ಯುದ್ಧವಾಯಿತೆನ್ನುವುದನ್ನು ನಾನು ಒಪ್ಪಲಾರೆ. ಹನ್ನೊಂದು ವರ್ಷ ಮೊದಲೇ ನೀರಿಗಾಗಿ ರಕ್ತ ಹರಿದಿತ್ತು. ತವರದ ಸುಂಕಕ್ಕೆ ಮಲಯ್ ಮುಖಂಡರು, ಲಾಭಕ್ಕೆ ಪಿನಾಂಗ್‌ನ ವರ್ತಕರು ಕಾದಿದ್ದರು. ಪೆರಾಕ್‌ನ ಗದ್ದುಗೆಗೂ ಆಗಲೇ ತಕರಾರಿತ್ತು. ಹೆಣ್ಣು, ಹೊನ್ನು, ಮಣ್ಣು ಎಂದು ಮೂರನ್ನು ಒಂದೇ ಉಸಿರಿಗೆ ಹೇಳುವ ಅಭ್ಯಾಸ ನಮಗೂ ಇದೆ. ಇಲ್ಲಂತೂ ಮಣ್ಣೇ ಹೊನ್ನಾಗಿತ್ತು. ಹೆಣ್ಣಿನ ಹೆಸರು ನೆಪಕ್ಕೆ ಒದಗಿತು.

ಕಾದಾಟದಲ್ಲಿ ಸೋತವರ ಹೆಂಗಸರನ್ನು ಗೆದ್ದವರು ಹೊತ್ತೊಯ್ಯುತ್ತಿದ್ದರು. 1874ರ ಜನವರಿಯಲ್ಲಿ ಪಾಂಗ್‌ಕೋರ್ ದ್ವೀಪದಲ್ಲಿ ಒಪ್ಪಂದವಾಗಿ, ಬ್ರಿಟಿಷರ ಕೈ ಪೆರಾಕ್‌ನ ಒಳಗೆ ಬಂತು. ಆಗ ನೇಮಿಸಿದ ಆಯೋಗಕ್ಕೆ ಮರದ ಕೋಟೆಗಳನ್ನು ಕೆಡಹುವ, ಗಣಿಗಳ ವ್ಯಾಜ್ಯ ತೀರಿಸುವ ಕೆಲಸದ ಜೊತೆಗೆ ಸೆರೆಯಾದ ಹೆಂಗಸರನ್ನು ಹುಡುಕಿ ತರುವ ಕೆಲಸವೂ ಇತ್ತು. ತರುಣ ಅಧಿಕಾರಿ ಫ್ರಾಂಕ್ ಸ್ವೆಟನ್‌ಹ್ಯಾಮ್ ಅದರಲ್ಲಿದ್ದ. ಚುಂಗ್ ಕೆಂಗ್ ಕ್ವೀಯೂ ಇದ್ದ! ಬುಟ್ಟಿಯ ಕತೆ ಅಂಟಿಕೊಂಡ ಪಕ್ಷದ ನಾಯಕನೇ ಹೆಂಗಸರನ್ನು ಬಿಡಿಸಿ ತರಲು ಹೊರಟ. ಅನೇಕರು ಸಿಕ್ಕರು. ಹಿಂದಿರುಗಿದವರನ್ನು ಮನೆಯವರು ಹೇಗೆ ಬರಮಾಡಿಕೊಂಡರೋ, ಒಳಗೆ ಕರೆದರೋ ಇಲ್ಲವೋ, ನನ್ನ ಮನಸ್ಸು ಅಲ್ಲೇ ನಿಂತುಬಿಟ್ಟಿತು. ದೇಶ ಹೋಳಾದಾಗ ನಮ್ಮ ಉತ್ತರದಲ್ಲಿಯೂ ಇದೇ ಆಗಿತ್ತಲ್ಲವೇ?

ಸಂಧಾನದ ನಂತರ ಊರಿಗೆ ತೈಪಿಂಗ್ ಎಂದು ಹೆಸರಾಯಿತು. ‘ಮಹಾಶಾಂತಿ’ ಎಂದು ಅದರ ಅರ್ಥ. ಮುಂದಿನದು ಏಳಿಗೆಯ ಕತೆ. 1883ರಲ್ಲಿ ವಸ್ತುಸಂಗ್ರಹಾಲಯ, 1885ರಲ್ಲಿ ಮಲಯದ ಮೊದಲ ರೈಲು, ಬಂದರಿನವರೆಗೆ ಹದಿಮೂರು ಕಿಲೋಮೀಟರ್. 1937ರಲ್ಲಿ ಪೆರಾಕ್‌ನ ರಾಜಧಾನಿ ಇಪೋಗೆ ಹೋಯಿತು. ಊರು ಇದ್ದ ಹಾಗೇ ಉಳಿದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಎರಡನೆಯ ದಿನ ಬೆಟ್ಟದ ಬುಡದ ಯುದ್ಧ ಸ್ಮಶಾನಕ್ಕೂ ಹೋದೆವು. ಎರಡನೇ ಮಹಾಯುದ್ಧದಲ್ಲಿ ಸತ್ತ 800ಕ್ಕೂ ಹೆಚ್ಚು ಸೈನಿಕರು ಅಲ್ಲಿದ್ದಾರೆ. ಬಹಳ ಮಂದಿ ಭಾರತದವರು. ಅರ್ಧಕ್ಕಿಂತ ಹೆಚ್ಚು ಜನರ ಗುರುತೇ ಸಿಕ್ಕಿಲ್ಲ. ಆದರೂ ಕಲ್ಲು ನೆಟ್ಟಿದ್ದಾರೆ, ಹೂಗಿಡ ಬೆಳೆಸಿದ್ದಾರೆ.

ಕೆರೆಯ ಬಳಿಗೆ ಮರಳಿದಾಗ ಅತ್ತಿಗೆ ನೀರನ್ನೇ ನೋಡುತ್ತ ಕೇಳಿದರು: “ಆ ಹುಡುಗಿಗೆ ಎಷ್ಟು ವಯಸ್ಸಿತ್ತೋ?”

“ಪುಸ್ತಕದಲ್ಲಿಲ್ಲ, ಅತ್ತಿಗೆ.”

ಅವರು ಸೆರಗು ಸರಿಮಾಡಿಕೊಂಡು ಎದ್ದರು. ಗಡಿಯಾರ ನೋಡಿದೆ, ಮೂರಕ್ಕೆ ಐದು ನಿಮಿಷವಿತ್ತು. ಮಳೆಮರದ ಎಲೆಗಳು ಆಗಲೇ ಮುಚ್ಚಿಕೊಳ್ಳುತ್ತಿದ್ದವು. ಕಾಫಿ ಅಂಗಡಿ ತಲುಪುವಷ್ಟರಲ್ಲಿ ಇಬ್ಬರೂ ತೊಯ್ದು ತೊಪ್ಪೆಯಾಗಿದ್ದೆವು.