ಪ್ಯಾಟಿ ಬರ್ಗ್ ಮತ್ತು ಮಹಿಳಾ ವೃತ್ತಿಪರ ಗಾಲ್ಫ್‌ನ ಆರಂಭಕಾಲ

ಅಮೆರಿಕದ ಪ್ಯಾಟಿ ಬರ್ಗ್ (1918–2006) ಅವರನ್ನು ಗಾಲ್ಫ್ ಇತಿಹಾಸವು ಮುಖ್ಯವಾಗಿ 15 'ಮೇಜರ್' ಪ್ರಶಸ್ತಿಗಳ, ಎಂದರೆ ಅತ್ಯುನ್ನತ ದರ್ಜೆಯ ಪಂದ್ಯಾವಳಿಗಳ ವಿಜೇತೆಯೆಂದು ಗುರುತಿಸುತ್ತದೆ. ಅವರ ಸಾಧನೆಯನ್ನು ಆ ಸಂಖ್ಯೆಯೊಂದರಿಂದಲೇ ಅಳೆದರೆ, ಮಹಿಳೆಯೊಬ್ಬಳು ಗಾಲ್ಫ್ ಆಡಿಯೇ ಜೀವನ ಸಾಗಿಸಬಹುದಾದ ಸ್ಥಿತಿ ಹೇಗೆ ರೂಪುಗೊಂಡಿತೆಂಬ ಹೆಚ್ಚು ಮಹತ್ವದ ಪ್ರಶ್ನೆ ಮರೆಯಾಗುತ್ತದೆ.

ಮಿನಿಯಾಪೊಲಿಸ್‌ನಲ್ಲಿ ಜನಿಸಿದ ಬರ್ಗ್, 1938ರಲ್ಲಿ ಅಮೆರಿಕದ ಮಹಿಳಾ ಹವ್ಯಾಸಿ ಚಾಂಪಿಯನ್ ಆಗಿ, 1940ರಲ್ಲಿ ವೃತ್ತಿಪರರಾದರು. ಹವ್ಯಾಸಿ ಆಟಗಾರ್ತಿ ನಗದು ಬಹುಮಾನ ಸ್ವೀಕರಿಸುವಂತಿರಲಿಲ್ಲ; ವೃತ್ತಿಪರಳಾದವಳಿಗಾದರೋ ಆಗ ಬಹುಮಾನದ ಪಂದ್ಯಾವಳಿಗಳೇ ವಿರಳವಾಗಿದ್ದವು. ಆದ್ದರಿಂದ 1934ರಲ್ಲಿ ವೃತ್ತಿಪರರಾಗಿದ್ದ ಹೆಲೆನ್ ಹಿಕ್ಸ್ ಅವರಂತೆ ಬರ್ಗ್ ಕೂಡ ಕ್ರೀಡಾಸಾಮಗ್ರಿ ತಯಾರಿಸುವ ವಿಲ್ಸನ್ ಕಂಪನಿಯನ್ನು ಸೇರಿ, ಊರೂರು ಸುತ್ತಿ, ಹೊಡೆತಗಳನ್ನು ಆಡಿ ತೋರಿಸಿ ವಿವರಿಸುವ 'ಕ್ಲಿನಿಕ್' ಎಂಬ ಪ್ರಾತ್ಯಕ್ಷಿಕೆಗಳನ್ನು ನಡೆಸಿದರು. ಮಹಿಳಾ ವೃತ್ತಿಪರ ಗಾಲ್ಫ್‌ಗೆ ಮೊದಲ ಆರ್ಥಿಕ ಆಸರೆ ದೊರೆತದ್ದು ಬಹುಮಾನಗಳಿಗಿಂತ ಹೆಚ್ಚಾಗಿ ಇಂತಹ ದುಡಿಮೆಯಿಂದ.

1941ರ ಕಾರು ಅಪಘಾತದಲ್ಲಿ ಮೊಣಕಾಲಿಗೆ ಬಿದ್ದ ತೀವ್ರ ಪೆಟ್ಟು ಅವರನ್ನು ದೀರ್ಘಕಾಲ ಆಟದಿಂದ ದೂರವಿರಿಸಿತು. ಚೇತರಿಸಿಕೊಂಡು 1943ರಲ್ಲಿ ವೆಸ್ಟರ್ನ್ ಓಪನ್ ಪಂದ್ಯಾವಳಿ ಗೆದ್ದ ಅವರು, ಎರಡನೇ ಮಹಾಯುದ್ಧದ ಕಾಲದಲ್ಲಿ ಮರೀನ್ ಕೋರ್ ಎಂಬ ಸೇನಾದಳದಲ್ಲಿ ಸೇವೆ ಸಲ್ಲಿಸಿದರು. 1946ರಲ್ಲಿ ಸ್ಪೋಕೇನ್‌ನಲ್ಲಿ ನಡೆದ ಮೊಟ್ಟಮೊದಲ ಅಮೆರಿಕನ್ ಮಹಿಳಾ ಓಪನ್‌ನ ಅಂತಿಮ ಪಂದ್ಯದಲ್ಲಿ ಬೆಟ್ಟಿ ಜೇಮ್ಸನ್ ಅವರನ್ನು ಸೋಲಿಸಿದರು.

ಹೋಪ್ ಸೈನಿಯಸ್ 1944ರಲ್ಲಿ ಆರಂಭಿಸಿದ ವೃತ್ತಿಪರ ಮಹಿಳೆಯರ ಸಂಘ ಬಹುಕಾಲ ಬಾಳಲಿಲ್ಲ. ಆ ತೆರವಿನಲ್ಲಿ 1950ರಲ್ಲಿ 13 ಆಟಗಾರ್ತಿಯರು ಸೇರಿ ಎಲ್‌ಪಿಜಿಎ ಎಂಬ ಸಂಘವನ್ನು ಸ್ಥಾಪಿಸಿದಾಗ ಬರ್ಗ್ ಅದರ ಮೊದಲ ಅಧ್ಯಕ್ಷೆಯಾದರು. ಮೈದಾನವನ್ನು ಪಂದ್ಯಕ್ಕೆ ಅಣಿಗೊಳಿಸುವುದರಿಂದ ಹಿಡಿದು ನಿಯಮಗಳ ತೀರ್ಮಾನದವರೆಗೆ ಬಹುಪಾಲು ಕೆಲಸವನ್ನು ಆಟಗಾರ್ತಿಯರೇ ಹೊರಬೇಕಾಗಿದ್ದ ಆ ದಿನಗಳಲ್ಲಿ ಅಧ್ಯಕ್ಷ ಪದವಿ ಕೇವಲ ಗೌರವಸೂಚಕವಾಗಿರಲು ಸಾಧ್ಯವಿರಲಿಲ್ಲ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ 2017ರಲ್ಲಿ ಪ್ರವೇಶಿಸಿದ್ದು ಇದೇ ಸಂಘದ ಟೂರ್‌ಗೆ, ಎಂದರೆ ಪಂದ್ಯಾವಳಿ ಸರಣಿಗೆ.

15ರ ದಾಖಲೆಯನ್ನೂ ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಟೈಟಲ್‌ಹೋಲ್ಡರ್ಸ್‌ನಲ್ಲಿ 7, ವೆಸ್ಟರ್ನ್ ಓಪನ್‌ನಲ್ಲಿ 7, ಅಮೆರಿಕನ್ ಓಪನ್‌ನಲ್ಲಿ 1 ಗೆಲುವು ಸೇರಿ ಆಗುವ ಈ ಮೊತ್ತದಲ್ಲಿ 8 ಗೆಲುವುಗಳು ಎಲ್‌ಪಿಜಿಎ ಹುಟ್ಟುವ ಮೊದಲಿನವು. ಮೊದಲೆರಡು ಪಂದ್ಯಾವಳಿಗಳಿಗೆ ಇಂದು ಮೇಜರ್ ಸ್ಥಾನವಿಲ್ಲ. ಇದರಿಂದ ದಾಖಲೆಯ ಬೆಲೆ ಕುಗ್ಗುತ್ತದೆಂಬ ವಾದ ನಿಲ್ಲುವುದಿಲ್ಲ, ಏಕೆಂದರೆ ಅಂದಿನ ಶ್ರೇಷ್ಠ ಆಟಗಾರ್ತಿಯರು ಎದುರುಬದುರಾಗುತ್ತಿದ್ದುದು ಆ ಕಣಗಳಲ್ಲಿಯೇ. 1954ರಲ್ಲಿ ಬಹುಮಾನ ಗಳಿಕೆಯಲ್ಲಿ ಅಗ್ರಸ್ಥಾನ ಪಡೆದ ಬರ್ಗ್ ಅವರಿಗೆ ದೊರೆತ ಇಡೀ ವರ್ಷದ ಮೊತ್ತ 16,011 ಡಾಲರ್.

ಸ್ಪರ್ಧೆಯ ಕಾಲ ಮುಗಿದ ಮೇಲೂ ಅವರು ಪ್ರಾತ್ಯಕ್ಷಿಕೆಗಳನ್ನು ಬಿಡಲಿಲ್ಲ. ಪ್ರಶಸ್ತಿಪಟ್ಟಿಗಳಲ್ಲಿ ಎಲ್ಲಿಯೂ ಕಾಣದ ಈ ದುಡಿಮೆಯನ್ನು, ಮಹಿಳಾ ಕ್ರೀಡೆಯ ಇತಿಹಾಸ ಬರೆಯುವವರು ಗೆಲುವುಗಳಷ್ಟೇ ಗಂಭೀರವಾಗಿ ದಾಖಲಿಸಬೇಕಾಗಿದೆ.